ಅಜ್ಜಿ ಕೊಟ್ಟ ಆರು ಅಂಕದ ಬಗ್ಗೆ

ವಿದೇಶಾಂಗ ಇಲಾಖೆಯ ‘ಜನರಿಂದ ಜನರಿಗೆ’ ಕಿರು ಅನುದಾನ ವಿಭಾಗದ ಮಾನ್ಯ ಅಧಿಕಾರಿಗಳೇ,

ನಮ್ಮಜ್ಜಿಯಿಂದ ಎರಡು ದೇಶಗಳ ಬಾಂಧವ್ಯಕ್ಕೆ ಧಕ್ಕೆಯಾಗಿದೆ ಎಂದು ತಾವು ತೀರ್ಮಾನಿಸಿದ್ದೀರಿ. ಅದು ತಪ್ಪು. ‘ತಪ್ಪು’ ಅನ್ನುವ ಪದ ಜಾಸ್ತಿಯಾಯಿತೇನೋ. ಫಸ್ಟ್ ಇಯರ್ ಹುಡುಗಿಯೊಬ್ಬಳು ಸರ್ಕಾರಕ್ಕೆ ಹೀಗೆಲ್ಲ ಬರೆಯಬಹುದೋ ಬಾರದೋ ಎಂಬ ಟೆನ್ಷನ್ನಿನಲ್ಲಿ ಉಗುರೆಲ್ಲ ಕಚ್ಚಿ ಮುಗಿಸಿದ್ದೇನೆ. ಕಚ್ಚಲು ಇನ್ನೇನೂ ಉಳಿಯದ ಕಾರಣ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು. ಕನ್ನಡದ ನಡುವೆ ಇಂಗ್ಲಿಷ್ ಇಣುಕಿದರೆ ಅದನ್ನೂ ಅಂತರರಾಷ್ಟ್ರೀಯ ಸೌಹಾರ್ದವೆಂದು ಪರಿಗಣಿಸಿ.

ನನ್ನ ರೂಮ್‌ಮೇಟ್ ಪರದೇಶದವಳು. ಹೆಣಿಗೆಯಲ್ಲಿ ಅವಳಜ್ಜಿ ಅಲ್ಲಿ ಎತ್ತಿದ ಕೈ, ನಮ್ಮಜ್ಜಿ ಇಲ್ಲಿ. ಇಬ್ಬರೂ ಪ್ರತಿ ಗುರುವಾರ ವಿಡಿಯೊ ಕಾಲ್‌ನಲ್ಲಿ ಕೂತು ಒಬ್ಬರಿಗೊಬ್ಬರು ಹೆಣಿಗೆ ಕಲಿಸಲಿ ಎಂದು ನಾವು ಅರ್ಜಿ ಹಾಕಿದೆವು. ತಾವು ಒಪ್ಪಿದಿರಿ. ಅಜ್ಜಿಗೆ ಕಣ್ಣು ಮಂಜು, ಮೊಬೈಲಿನಲ್ಲಿ ಆಚೆಯವರ ಕಡ್ಡಿಗಳು ಕಾಣುವುದಿಲ್ಲ ಎಂದಾಗ ದೊಡ್ಡ ಟಿವಿಯನ್ನೂ ಮಂಜೂರು ಮಾಡಿದಿರಿ. ಅದನ್ನು ಹಾಸ್ಟೆಲಿನ ಹಳೆಯ ಇಸ್ತ್ರಿ ಕೋಣೆಯಲ್ಲಿ ತೂಗುಹಾಕಿದೆವು. ಇದೇ ಊರಿನ ಚಿಕ್ಕಪ್ಪನ ಮನೆಯಲ್ಲಿರುವ ಅಜ್ಜಿ ಉಲ್ಲನ್ ಚೀಲ ಹಿಡಿದು ಬಸ್ಸಿನಲ್ಲಿ ಬರತೊಡಗಿದರು. ಪ್ರತಿ ಫೋಟೊದಲ್ಲೂ ಇಲಾಖೆಯ ಬ್ಯಾನರ್ ಪೂರ್ತಿ ಕಾಣಬೇಕೆಂದು ತಾವು ಹೇಳಿದಿರಿ. ಕಾಣಿಸಿದೆವು. ಅಜ್ಜಿ ಅದರ ಹಿಂದಿದ್ದರು. “ಫೋಟೊಗಳು ಅತ್ಯುತ್ತಮ” ಎಂದು ಉತ್ತರ ಬಂತು.

ಎಡವಟ್ಟಾದದ್ದು ಸ್ನೇಹವನ್ನು ಅಳೆಯುವಾಗ. ‘ಆ ದೇಶದವರ ಬಗ್ಗೆ ನಿಮಗೆಷ್ಟು ಒಳ್ಳೆಯ ಅಭಿಪ್ರಾಯವಿದೆ, ಹತ್ತಕ್ಕೆ ಅಂಕ ಕೊಡಿ’ ಎಂದು ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಕೇಳಬೇಕೆಂಬುದು ತಮ್ಮ ನಿಯಮ. ಶುರುವಿನಲ್ಲಿ ಅಜ್ಜಿ ಹಿಂದೆಮುಂದೆ ನೋಡಲಿಲ್ಲ. “ಮುಖಾನೇ ನೋಡದವರನ್ನ ಯಾಕೆ ಆಡ್ಕೊಳ್ಳೋದು? ಹತ್ತೂ ಕೊಟ್ಬಿಡು.” ಕೊನೆಯಲ್ಲಿ ಕೇಳಿದಾಗ:

“ಆರು ಹಾಕು.”

“ಅಜ್ಜಿ, ಪ್ಲೀಸ್! ಕಡಿಮೆಯಾದ್ರೆ ಪ್ರಾಬ್ಲಮ್ ಆಗುತ್ತೆ.”

“ಆಗ್ಲಿ. ನೂಲು ಅಷ್ಟು ಬಿಗಿಯಾಗಿ ಎಳೀಬೇಡ ಅಂದ್ರೆ ಕೇಳ್ತಾಳಾ ಆ ಪುಣ್ಯಾತ್ಗಿತ್ತಿ? ಮಂಡಿನೋವಿಗೆ ಡಾಕ್ಟರ್ ಹತ್ರ ಹೋಗು ಅಂತ ಎಷ್ಟು ಸಲ ಬಡ್ಕೊಳ್ಲಿ? ಹೋಗಿ ತೋರಿಸ್ಕೊಂಡು ಬರ್ಲಿ, ಆಮೇಲೆ ನೋಡೋಣ.”

ಆಚೆಯಜ್ಜಿ ಐದೇ ಕೊಟ್ಟರು. ನಮ್ಮಜ್ಜಿ ಕನ್ನಡಕ ಬದಲಿಸುತ್ತಿಲ್ಲವೆಂದು ಅವರಿಗೆ ಸಿಟ್ಟು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮೊದಮೊದಲು ನಾವು ಮೊಮ್ಮಕ್ಕಳು ಅನುವಾದಿಸುತ್ತಿದ್ದೆವು. ಜಗಳ ಶುರುವಾದ ಮೇಲೆ ನಮ್ಮನ್ನು ಯಾರೂ ಕೇಳಲಿಲ್ಲ.

“ಸದ್ಭಾವನೆ ಗಣನೀಯವಾಗಿ ಕುಸಿದಿರುವುದರಿಂದ ಪ್ರಾಜೆಕ್ಟನ್ನು ನಿಲ್ಲಿಸಲಾಗಿದೆ” ಎಂದು ತಮ್ಮ ಆದೇಶ ಬಂತು. ವಾರ್ಡನ್ ಕೋಣೆಗೆ ಬೀಗ ಜಡಿದರು. “ಮೇಲಿಂದ ಆರ್ಡರ್ ಬಂದಿದೆ, ನನ್ನ ತಲೆ ತಿನ್ಬೇಡ” ಎಂದರು.

ಮಾನ್ಯರೇ, ತಾವು ಯಾರೊಡನೆ ಜಗಳವಾಡುತ್ತೀರಿ? ಮನೆಯವರೊಡನೆಯೋ, ಲಿಫ್ಟಿನಲ್ಲಿ ಮುಗುಳ್ನಕ್ಕು ಹೋಗುವವರೊಡನೆಯೋ? ತಮ್ಮ ಲೆಕ್ಕದಂತೆ ಒಬ್ಬರನ್ನೊಬ್ಬರು ಕಣ್ಣೆತ್ತಿಯೂ ನೋಡದವರೇ ಪರಮಮಿತ್ರರು. ಹಾಗಿದ್ದರೆ ಇಷ್ಟೆಲ್ಲ ಶ್ರಮಪಟ್ಟು ಜನರನ್ನು ಪರಿಚಯಿಸುವುದೇಕೆ? ನನಗೂ ಅಜ್ಜಿಗೂ ಇದ್ದದ್ದು ರಜೆಯ ನೆಂಟಸ್ತಿಕೆ. ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ. ಹತ್ತಕ್ಕೆ ಹತ್ತು! ಈ ಇಸ್ತ್ರಿ ಕೋಣೆಗೆ ಬರತೊಡಗಿದ ಮೇಲೆಯೇ ಅವರು ನನ್ನನ್ನು ಮೊದಲ ಬಾರಿ ಬೈದದ್ದು: “ಏನೇ ಇದು, ಉಗುರು ತಿಂದೇ ಹೊಟ್ಟೆ ತುಂಬಿಸ್ಕೊಳ್ತೀಯಾ?” ಅಂದು ರೂಮಿಗೆ ಹೋಗಿ ಖುಷಿಗೆ ಅತ್ತೆ. ಇದನ್ನು ತಮ್ಮ ಯಾವ ಕಾಲಮ್ಮಿನಲ್ಲಿ ತುಂಬಲಿ?

ಈ ಗುರುವಾರವೂ ಅಜ್ಜಿ ಬಂದರು. ಬೀಗ ನೋಡಿ ಮೆಟ್ಟಿಲ ಮೇಲೆ ಕೂತರು. ಮಡಿಲಲ್ಲಿ ಸ್ವೆಟರ್. ಮೈ, ತೋಳು ಎಲ್ಲ ಮುಗಿದಿದೆ. ಕತ್ತಿನ ಹೆಣಿಗೆಯೊಂದು ಬಾಕಿ, ಅದು ಆಚೆಯಜ್ಜಿಗೆ ಮಾತ್ರ ಗೊತ್ತು.

“ಯಾರಿಗಜ್ಜಿ ಇದು?”

“ಟಿವಿ ಕೊಟ್ರಲ್ಲ, ಆ ಸಾಹೇಬ್ರಿಗೆ. ಅವಳೂ ನಾನೂ ಆವಾಗ್ಲೇ ಮಾತಾಡ್ಕೊಂಡಿದ್ವಿ.”

ಆದ್ದರಿಂದ ನನ್ನ ಒತ್ತಾಯವಿಷ್ಟು: ಕೂಡಲೇ ಬೀಗ ತೆಗೆಸಿ, ಜೊತೆಗೆ ತಮ್ಮ ಕತ್ತಿನ ಅಳತೆ ಕಳುಹಿಸಿ. ತಡಮಾಡಬೇಡಿ. ಅಂದಾಜಿನಲ್ಲಿ ಹೆಣೆದರೆ ಉಸಿರು ಕಟ್ಟೀತು. ಆಚೆಯಜ್ಜಿ ನೂಲನ್ನು ನಿಜಕ್ಕೂ ತುಂಬಾ ಬಿಗಿಯಾಗಿ ಎಳೆಯಲು ಹೇಳುತ್ತಾರೆ.

ಇಂತಿ,
ತಮ್ಮ ಮುಖವನ್ನು ಇನ್ನೂ ನೋಡಿಲ್ಲವಾದ್ದರಿಂದ ತಮಗೆ ಹತ್ತಕ್ಕೆ ಹತ್ತು ಕೊಟ್ಟಿರುವ,
ಇಸ್ತ್ರಿ ಕೋಣೆಯ ಮಾಜಿ ಅನುವಾದಕಿ