ಸ್ಕಾಟ್ಲೆಂಡಿನ ಕುರಿರೊಪ್ಪದಿಂದ

ಎಡಿನ್‌ಬರೊ, ೧೪-೬-೧೯೭೮

ಅಕ್ಕನಿಗೆ ನಮಸ್ಕಾರ.

ನನ್ನ ಪಶುವೈದ್ಯ ಓದಿನ ವರ್ಷ ನಿನ್ನೆ ಮುಗಿಯಿತು. ಕೊನೆಯ ದಿನವೆಂದು ಪ್ರೊಫೆಸರರು ನಮ್ಮನ್ನೆಲ್ಲ ಕುರಿರೊಪ್ಪಕ್ಕೆ ಕರೆದೊಯ್ದು, ಕೈಗೆ ಕತ್ತರಿ ಕೊಟ್ಟು, ಉಣ್ಣೆ ಕತ್ತರಿಸಲು ಹೇಳಿದರು. ಉಳಿದವರ ಕುರಿಗಳು ಒದ್ದು ಓಡಿಹೋದವು. "ಕಾಲು ಕಟ್‌ಬ್ಯಾಡ ಕಣ್ಲಾ, ಮಂಡಿ ಮಧ್ಯೆ ಕೂರಿಸ್ಕಂಡು ಮಾತಾಡ್ಸು" ಎಂದು ಅಪ್ಪ ಹೇಳಿಕೊಟ್ಟಿದ್ದರಲ್ಲ, ನಾನು ಹಾಗೇ ಮಾಡಿದೆ. ಕುರಿ ಮಿಸುಕಲಿಲ್ಲ, ಒಂದು ಗೀರೂ ಬೀಳಲಿಲ್ಲ. ಪ್ರೊಫೆಸರರು ಎಲ್ಲರನ್ನೂ ಸುಮ್ಮನಿರಿಸಿ, ತಲೆಯ ಮೇಲಿನ ಟೋಪಿ ತೆಗೆದು, "ನಿನಗಿದನ್ನು ಕಲಿಸಿದ ಗುರು ಯಾರು?" ಎಂದು ಕೇಳಿಬಿಟ್ಟರು!

ಅಕ್ಕ, ವರ್ಷವಿಡೀ ಇಲ್ಲಿ ನಾನು ಅಪ್ಪ ಸಿರಾದಲ್ಲಿ ಮೇಷ್ಟ್ರು ಎಂದು ಹೇಳಿಕೊಂಡಿದ್ದೆ. ಕುರಿ ಕಾಯುತ್ತಾರೆ ಎನ್ನಲು ನಾಚಿಕೆ. ಕೊನೆಗೆ "ನಮ್ಮಪ್ಪ, ಗೌಡಗೆರೆ ಬೋರಪ್ಪ. ಕುರಿ ಕಾಯುತ್ತಾರೆ" ಎಂದೆ. ಅಷ್ಟು ದೊಡ್ಡ ಮನುಷ್ಯ ಜೇಬಿನಿಂದ ಪುಸ್ತಕ ತೆಗೆದು ಆ ಹೆಸರನ್ನು ಬರೆದುಕೊಂಡರು.

ಚಳಿಗೆ ಒಡೆದಿದ್ದ ಕಾಲು ವಾಸಿಯಾಗಿದೆ. ಜುಲೈ ಮೂರಕ್ಕೆ ವಿಮಾನ. ಕಾರ್ಡಿನಲ್ಲಿ ಜಾಗವಿಲ್ಲ. ನಾನು ಊರು ಸೇರುವ ಮೊದಲೇ ಅಪ್ಪನಿಗೆ ಇದನ್ನು ಓದಿ ಹೇಳು, ನನ್ನ ಸುಳ್ಳನ್ನೂ ಬಿಡದೆ.

ನಿನ್ನ ತಮ್ಮ,
ದಾಸ