ಲೀತ್ ಬಂದರಿನ ಮರಳುದಿಬ್ಬ

೧೬೩೯, ಮೇ ೩
ಮತ್ತೆ ಮಣ್ಣು. ಲೀತ್ ಊರಿನ ಗೋಡೆಗೆ ಹೆಂಗಸರೆಲ್ಲ ಬುಟ್ಟಿ ಹೊರುತ್ತಿದ್ದೇವೆ—ದೊಡ್ಡ ಮನೆತನದವರೂ. ಸೊಂಟ ಬಿದ್ದುಹೋಗಿದೆ. ಆದರೂ ಗೋಡೆ ನೋಡಿದರೆ ಎದೆ ಉಬ್ಬುತ್ತದೆ. ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಒಬ್ಬನೇ ರಾಜ. ಅವನು ಹೇರಿದ ಪ್ರಾರ್ಥನಾಪುಸ್ತಕ ನಾವು ಸ್ಕಾಟರು ಒಲ್ಲೆವೆಂದೆವು. ಅದಕ್ಕೇ ಇಂಗ್ಲೆಂಡಿನ ಹಡಗುಗಳನ್ನು ನಮ್ಮ ಮೇಲೆ ಕಳಿಸಿದ್ದಾನೆ. ಪಾದ್ರಿಗಳು ಅವನ ಆಯುಷ್ಯಕ್ಕೂ ಬೇಡಿದರು, ಅವನ ಹಡಗು ಮುಳುಗಲೆಂದೂ ಬೇಡಿದರು. ಎರಡಕ್ಕೂ ಆಮೆನ್ ಅಂದೆ.

ಮೇ ೪
ಹಡಗಿನವರು ಬೆಸ್ತನೊಬ್ಬನನ್ನು ತಡೆದು ಮೀನು ಕಿತ್ತುಕೊಂಡರಂತೆ. ಎಲ್ಲಕ್ಕೂ ಮುಂದಿದ್ದ ಹಡಗಿನ ಚುಕ್ಕಾಣಿ ಪಕ್ಕ ನಿಂತಿದ್ದವನು ನನ್ನ ಮಗ ನಿನಿಯನ್ ಅಂತೆ, ಬೆಸ್ತನೇ ಕಂಡನಂತೆ. ಲಂಡನ್ನಿನ ಹಡಗುಗಳಿಗೆ ದಾರಿ ತೋರಿಸಿ ಹೊಟ್ಟೆ ಹೊರೆಯುವವನು... ಎಳೆದು ತಂದಿರಬೇಕು.

ಪಕ್ಕದ ಮನೆ ಮಾರಿಯನ್‌ಗೆ ಹಬ್ಬ.
"ಏನಮ್ಮ ಗ್ರಿಜೆಲ್, ಮಗರಾಯ ಮನೆಗ್ ಬರ್ತಾ ಇದಾನಂತೆ? ಫಿರಂಗಿ ಸಮೇತ!"
"ಬರ್ಲಿ. ಮೊದಲ್ನೇ ಗುಂಡು ನಾನೇ ಹಾರಿಸ್ತೀನಿ."

ಬಂದರಿನ ಒಳದಾರಿ ಅವನಿಗೆ ಕಣ್ಣು ಕಟ್ಟಿದರೂ ಗೊತ್ತು. ತೋರಿಸಿದರೆ ಊರು ಹೋಯಿತು. ತೋರಿಸದಿದ್ದರೆ ಅವನು ಹೋದ.

ಮೇ ೯, ಸಂಜೆ
ಇಷ್ಟು ದಿನ ಬರೆಯಲಾಗಲಿಲ್ಲ. ಇಂದು ನಿನಿಯನ್ ಇದ್ದ ಆ ಹಡಗು ಹಾಯಿ ಬಿಚ್ಚಿ ನೇರ ಬಂತು. ನಮ್ಮ ಫಿರಂಗಿಯವರು ಬತ್ತಿ ಹಚ್ಚಿಕೊಂಡು ಕಾದರು. ಬುಟ್ಟಿ ಕೆಳಗಿಟ್ಟೆ. ಇಳಿತದ ಹೊತ್ತು. ಹಡಗು ಎಡಕ್ಕೆ ಹೊರಳಿ—ಮರಳುದಿಬ್ಬಕ್ಕೆ ಹತ್ತಿ ವಾಲಿಕೊಂಡಿತು! ನಮ್ಮ ಗುಂಡಿಗೆ ಅದರ ಹಾಯಿಕಂಬ ಮುರಿಯಿತು. ಉಬ್ಬರ ಬಂದದ್ದೇ ಕುಂಟುತ್ತ ಹಿಂದೆ ಹೋಯಿತು, ಉಳಿದವೂ ಬಾಲ ಮುದುರಿದವು. ಊರೆಲ್ಲ ಬಿದ್ದು ಬಿದ್ದು ನಕ್ಕಿತು.

"ಹುಟ್ಟಿದೂರಿನ ದಿಬ್ಬಾನೇ ಮರ್ತ್‌ಬಿಟ್ನಲ್ಲೇ ನಿನ್ ಮಗ! ಕತ್ತೆ!" ಅಂದಳು ಮಾರಿಯನ್.

ಮರೆತನೇ? ಆ ದಿಬ್ಬದಲ್ಲೇ ಚಿಪ್ಪು ಅಗೆದು ಬೆಳೆದವನು. ಇಳಿತದಲ್ಲಿ ಅತ್ತ ದೋಣಿ ಬಿಟ್ಟಿದ್ದಕ್ಕೆ ಒಮ್ಮೆ ಸೌಟು ಮುರಿಯುವಂತೆ ಬಾರಿಸಿದ್ದೆ. ಮಾತು ನಾಲಿಗೆ ತುದಿಗೆ ಬಂತು. ನುಂಗಿದೆ. ಬೆಸ್ತರ ಬಾಯಿಂದ ಅದು ಹಡಗು ಮುಟ್ಟಿದರೆ? ದಾರಿ ತಪ್ಪಿದ ದಡ್ಡನಿಗೆ ಏಟು ಬೀಳುತ್ತದೆ, ದ್ರೋಹಿಗೆ ನೇಣು.

"ಹೌದು ಕಣೇ, ಕತ್ತೆ. ಹೆತ್ತಿದ್ದೇ ತಪ್ಪಾಯ್ತು."
ಎಲ್ಲರಿಗೂ ಕೇಳುವಂತೆ ಅಂದೆ.

ಮೇ ೧೦
ಬೀದಿಮಕ್ಕಳು ಬಾಗಿಲ ಮುಂದೆ ಕತ್ತೆಯ ಹಾಗೆ ಅರಚುತ್ತಿವೆ. ಅರಚಲಿ. ಇಷ್ಟು ಹೆಮ್ಮೆ ಜನ್ಮದಲ್ಲಿ ಪಟ್ಟಿರಲಿಲ್ಲ, ಹೇಳಿಕೊಳ್ಳಲು ಒಬ್ಬರಿಲ್ಲ. ಈ ಹಾಳೆಗಳೂ ಮನೆಯಲ್ಲಿರಬಾರದು. ಒಲೆ ಉರಿಯುತ್ತಿದೆ. ಹಾಕುವ ಮೊದಲು ಒಂದೇ ಒಂದು ಸಲ, ದಪ್ಪಕ್ಷರದಲ್ಲಿ—ನನ್ನ ಮಗ ನಿನಿಯನ್, ಬೇಕೆಂದೇ—