ತುಂಗೆಯಲ್ಲಿ ಬಿಟ್ಟ ಬೂದಿ

ಕೆರೆಕಟ್ಟೆ
12 ಫೆಬ್ರವರಿ 2009, ಗುರುವಾರ

ಪ್ರೀತಿಯ ಮಾವಾ,

ಹರೀಶಣ್ಣನದೆಂದು ನೀವು ಇಂಗ್ಲೆಂಡಿನಿಂದ ತಂದುಕೊಟ್ಟ ಬೂದಿ ಅವನದಲ್ಲ. ಅದನ್ನು ಅವ್ವನ ಕೈಯಿಂದಲೇ ಶೃಂಗೇರಿಯಲ್ಲಿ ತುಂಗೆಗೆ ಬಿಡಿಸಿದಿರಿ. ಹೆತ್ತವಳಿಗೆ ಒಡಹುಟ್ಟಿದ ತಮ್ಮನೇ ಮಾಡಿದ ಮೋಸ ಇದು.

ಆರೋಗ್ಯವೇ? ಕೇಳಲೇಬೇಕಲ್ಲ. ನೀವು ರಜೆಯಲ್ಲಿ ಬಂದು ಕೊಪ್ಪದಲ್ಲಿ ಅತ್ತೆಯ ತವರಿನಲ್ಲಿದ್ದೀರೆಂದು ಬಸ್ಸಿನ ಕಂಡಕ್ಟರ್ ಪುಟ್ಟಪ್ಪ ಹೇಳಿದ ಮೇಲೆ ನಮಗೆ ತಿಳಿಯಿತು. ಬೆನ್ನುನೋವು ಹೇಗಿದೆ? ಇಂಗ್ಲೆಂಡಿನಿಂದ ಕೊಪ್ಪದವರೆಗೆ ಬಂದ ಬೆನ್ನಿಗೆ ಕೆರೆಕಟ್ಟೆ ಮಾತ್ರ ದೂರವಾಯಿತೇ? ಅವ್ವ ಗಟ್ಟಿಯಾಗಿದ್ದಾಳೆ, ದಿನಾ ಎಸ್ಟೇಟ್ ಕೆಲಸಕ್ಕೆ ಹೋಗುತ್ತಾಳೆ.

ಕಳೆದ ವಾರ ದೇವಕಿಯಕ್ಕನ ಅಂಗಡಿಯ ಫೋನಿಗೆ ಪಂಜಾಬಿನವನೊಬ್ಬ ನನ್ನನ್ನು ಕರೆಸಿದ. ಬ್ರಿಟಿಷ್ ಸೈನ್ಯದಲ್ಲಿ ಹರೀಶಣ್ಣನ ಜೊತೆ ಇದ್ದವನಂತೆ. ಸೈನ್ಯ ಎಂದಾಗ ನನ್ನ ಅರೆಬರೆ ಹಿಂದಿಯ ತಪ್ಪೆಂದುಕೊಂಡು ಮೂರು ಸಲ ಕೇಳಿದೆ. ಹೋಟೆಲಿನಲ್ಲಿ ಗ್ಯಾಸ್ ಸಿಡಿದು ಸತ್ತ ಎಂದಿದ್ದಿರಲ್ಲ, ಅದು ಸುಳ್ಳು. ಇರಾಕಿನ ಬಸ್ರಾದ ರಸ್ತೆಯಲ್ಲಿ ಗಾಡಿಯಡಿ ಬಾಂಬ್ ಸಿಡಿಯಿತು. ಇಂಗ್ಲೆಂಡಿನಲ್ಲೇ ಹೂಳಿದರು. ಪೆಟ್ಟಿಗೆ ಹೊತ್ತವರಲ್ಲಿ ತಾನೂ ಒಬ್ಬ, ನಿಮ್ಮ ಮಾವ ಗುಂಡಿಯ ಪಕ್ಕದಲ್ಲೇ ನಿಂತಿದ್ದರು ಎಂದ. ಹಾಗಾದರೆ ನಾವು ನೀರಿಗೆ ಬಿಟ್ಟಿದ್ದು ಯಾವ ಒಲೆಯ ಬೂದಿ, ಮಾವಾ?

ನಮ್ಮಲ್ಲಿ ಮದುವೆಯಾಗದವರನ್ನು ಸುಡುವುದಿಲ್ಲ, ಹೂಳುತ್ತೇವೆ. ಅಷ್ಟು ವರ್ಷ ಹೊರಗಿದ್ದು ಅದನ್ನೂ ಮರೆತಿರಾ? ಅವತ್ತು ಊರ ಹಿರಿಯ ಬೂತಪ್ಪಜ್ಜ ಯಾಕೆ ಸುಟ್ಟಿರಿ ಎಂದು ಕೇಳಿದ್ದಕ್ಕೆ “ಎಂತ ಮಾಡುದು, ಅಲ್ಲಿ ಕಾನೂನೇ ಹಂಗೆ” ಎಂದಿರಿ. ನೀವು ಊಟಕ್ಕೆ ಕೂತರೂ ಅನ್ನ ಮುಟ್ಟಲಿಲ್ಲ. ದುಃಖ ಎಂದುಕೊಂಡಿದ್ದೆ. ಈಗ ಬೇರೇನೋ ಅನ್ನಿಸುತ್ತದೆ.

ಅವನನ್ನು ಸೈನ್ಯಕ್ಕೆ ಕಳಿಸಿದವರು ಯಾರು? ತಾನೇ ಹೋದನೇ, ನೀವೇ ದಾರಿ ತೋರಿಸಿದಿರೇ? ಹೋಟೆಲ್ ಕೆಲಸಕ್ಕೆಂದು ಅವನನ್ನು ಇಂಗ್ಲೆಂಡಿಗೆ ಕರೆದೊಯ್ದ ದಿನ “ನನ್ ಕಣ್ಣೆದ್ರೇ ಪಾತ್ರೆ ತೊಳ್ಕಂಡಿರ್ತಾನೆ, ಹೆದರ್ಬೇಡ ಅಕ್ಕಾ” ಎಂದವರು ನೀವೇ. ದೀಪಾವಳಿ ಪಟಾಕಿಗೆ ಹೆದರಿ ಹುಲ್ಲಿನ ಮೆದೆಯೊಳಗೆ ಅಡಗುತ್ತಿದ್ದವನು ಅವನು. ಬಸ್ಸು ತಪ್ಪಿದರೆ ನೆಮ್ಮಾರಿನವರೆಗೂ ಹಿಂದೆ ಓಡುತ್ತಿದ್ದ. “ನೀನೇ ಮುಂದೆ ಹೋಗ್ ಮಾರಾಯ, ನಾವ್ ಹಿಂದೆ ಬತ್ತೀವಿ” ಎಂದು ಪುಟ್ಟಪ್ಪ ಗೇಲಿ ಮಾಡುತ್ತಿದ್ದ. ಆ ಓಟ ನೋಡಿಯೇ ಸೈನ್ಯದವರು ಆರಿಸಿಕೊಂಡರಂತೆ. ಪರದೇಶದ ಬಡ ಹುಡುಗರನ್ನು ಮುಂದೆ ನಿಲ್ಲಿಸಿ ದೊಡ್ಡ ದೇಶಗಳು ಯುದ್ಧ ಮಾಡುತ್ತವೆ ಎಂದು ಕರಪತ್ರದಲ್ಲಿ ಓದಿದಾಗ ಅದು ಬೇರೆ ಯಾರದೋ ಮನೆಯ ಕಥೆ ಎಂದುಕೊಂಡಿದ್ದೆ. ಇರಾಕಿನವರು ನಮಗೇನು ಮಾಡಿದ್ದರು? ಅಲ್ಲಿಯ ತಾಯಂದಿರಿಗೆ ನಮ್ಮಣ್ಣನೇ ಶತ್ರುವಾಗಿದ್ದನಲ್ಲ ಎಂದು ನೆನೆದರೆ ನಿದ್ದೆ ಬರುವುದಿಲ್ಲ.

ಅವ್ವನಿಗೆ ಇದಾವುದೂ ಗೊತ್ತಿಲ್ಲ. ಮೊದಲು ನನಗೆ ಉತ್ತರ ಕೊಡಿ. ಭಾನುವಾರ ನಾನೊಬ್ಬಳೇ ಕೊಪ್ಪಕ್ಕೆ ಬರುತ್ತೇನೆ. ಅತ್ತೆಗೆ ನಮಸ್ಕಾರ ಹೇಳಿ. ಅವರ ಮೇಲೆ ನನಗೆ ಸಿಟ್ಟಿಲ್ಲ.

ನಿಮ್ಮ ಸೊಸೆ,
ಮಲ್ಲಿಕಾ

ಮರೆತ ಮಾತು: ಈ ಕಾಗದ ಒಯ್ಯುವ ಪುಟ್ಟಪ್ಪನ ಬಸ್ಸು ಹಾರನ್ ಹೊಡೆಯುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಗದ ಯಾರಿಗೆ ಎಂದು ಅವ್ವ ಕೇಳಿದಳು. ನಿಮಗೆ ಎಂದೆ. ಬೂದಿ ಸುಳ್ಳೆಂದು ಅವಳಿಗೆ ಅವತ್ತೇ ಗೊತ್ತಿತ್ತಂತೆ. “ಮದ್ವೆ ಆಗ್ದ ಹುಡ್ಗನ್ನ ನನ್ ತಮ್ಮ ಸುಡಕ್ಕೆ ಬಿಡ್ತಾನೇನೇ? ಬೂದಿ ಸುಳ್ಳು ಅಂದ್ಮೇಲೆ ಸತ್ತಿದ್ದೂ ಸುಳ್ಳು. ಎಲ್ಲೋ ಜೈಲಲ್ಲಿ ಸಿಕ್ಕಂಡಿದಾನೆ, ನಾಚ್ಕೆಗೆ ಹೇಳ್ಲಿಲ್ಲ ಅಷ್ಟೆ” ಎಂದಳು. ಎರಡು ವರ್ಷದಿಂದ ಅವಳು ಗಟ್ಟಿಯಾಗಿದ್ದದ್ದು ಈ ನಂಬಿಕೆಯ ಮೇಲೆ, ಮಾವಾ. ಸತ್ಯ ಸತ್ಯ ಎಂದು ಇಷ್ಟುದ್ದ ಬರೆದ ನಾನೇ ಈ ಕಾಗದವನ್ನು ಅವಳಿಗೆ ಕಾಣದಂತೆ ಮುಚ್ಚಿಟ್ಟೆ. ಅವನಿಗೆ ಕಳಿಸಲೆಂದು ಒಂದು ಅಂಗಿ ಮಡಚಿಟ್ಟುಕೊಂಡು ಭಾನುವಾರ ನನ್ನ ಜೊತೆ ಬರಲು ಅವಳೂ ತಯಾರಾಗಿದ್ದಾಳೆ. ಅವಳು ಅದನ್ನು ನಿಮ್ಮ ಕೈಗೆ ಕೊಡುವ ಮೊದಲು ನೀವೇ ಅವಳಿಗೆ ನಿಜ ಹೇಳಬೇಕು. ಕೊಪ್ಪದ ಬಸ್ ನಿಲ್ದಾಣ, ಭಾನುವಾರ, ಬೆಳಗ್ಗೆ ಹತ್ತು ಗಂಟೆ.